ಹದಿನಾಲ್ಕು ಮಂದಿಯ ಮನೆ, ವರ್ಷದ ಸಾಮಾನು

ಗಂಗಾವತಿಯ ನಮ್ಮ ಮನೆಯಲ್ಲಿ ಹದಿನಾಲ್ಕು ಜನ. ಅತ್ತೆ, ಮಾವ, ಅವರ ಮೂವರು ಗಂಡುಮಕ್ಕಳು, ನಾವು ಮೂವರು ಸೊಸೆಯಂದಿರು, ಆರು ಮಕ್ಕಳು. ಮಕ್ಕಳಲ್ಲಿ ದೊಡ್ಡವಳಿಗೆ ಒಂಬತ್ತು ವರ್ಷ, ಎಲ್ಲರಿಗಿಂತ ಚಿಕ್ಕವನು ಈಗ ಅಂಬೆಗಾಲಿಡುತ್ತಿದ್ದಾನೆ. ನಮ್ಮ ಯಜಮಾನರು ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಮೈದುನರಲ್ಲಿ ಒಬ್ಬ ಆಟೊ ಓಡಿಸುತ್ತಾನೆ, ಇನ್ನೊಬ್ಬ ಟೈಲರ್. ಮೂವರ ಗಳಿಕೆಯೂ ಒಂದೇ ಕಡೆ ಸೇರುತ್ತದೆ, ಒಂದೇ ಒಲೆ ಉರಿಯುತ್ತದೆ.

ಖರ್ಚಿನ ಹೊಣೆಯನ್ನು ಅತ್ತೆ ನನ್ನ ಕೈಗೆ ಕೊಟ್ಟಾಗ, ಮೊದಲ ತಿಂಗಳು ಏನನ್ನೂ ಬದಲಿಸದೆ ಪೈಸೆ ಪೈಸೆಯನ್ನೂ ಬರೆದಿಟ್ಟೆ. ಹಾಲು, ಗ್ಯಾಸ್, ಶಾಲೆಯ ಶುಲ್ಕ ಎಲ್ಲರಿಗೂ ಗೊತ್ತಿದ್ದ ಖರ್ಚುಗಳೇ. ಗೊತ್ತಿಲ್ಲದ್ದು ಓಣಿಯ ತುದಿಯ ಕಿರಾಣಿ ಅಂಗಡಿಯದು. ಕಾಲು ಕಿಲೊ ಬೇಳೆ, ನೂರು ಗ್ರಾಂ ಖಾರದಪುಡಿ, ಮಕ್ಕಳ ಕೈಗೆ ಒಂದೊಂದು ಚಿಪ್ಸ್ ಪೊಟ್ಟಣ. ಆರು ಮಕ್ಕಳಿಗೆ ದಿನಕ್ಕೆ ಹತ್ತು ಹತ್ತು ರೂಪಾಯಿ ಎಂದರೂ ತಿಂಗಳಿಗೆ 1800 ರೂಪಾಯಿ. ಆ ಪೊಟ್ಟಣದಲ್ಲಿರುವುದು ಇಪ್ಪತ್ತು ಗ್ರಾಂ ಆಸುಪಾಸು. ಕಿಲೊ ಲೆಕ್ಕಕ್ಕೆ ತಂದರೆ ಶೇಂಗಾ, ಬೇಳೆ ಎರಡನ್ನೂ ಮೀರಿಸುವ ಬೆಲೆ. ಬಿಡಿ ಖರೀದಿಯನ್ನು ನಿಲ್ಲಿಸಿದರೆ ತಟ್ಟೆಯಲ್ಲಿ ಯಾರಿಗೂ ಒಂದು ತುತ್ತು ಕಡಿಮೆ ಮಾಡಬೇಕಾಗಿಲ್ಲ ಎಂಬುದು ಆಗಲೇ ಖಾತ್ರಿಯಾಯಿತು. ಅಂದಿನಿಂದ ನಮ್ಮ ಮನೆ ನಡೆಯುತ್ತಿರುವುದು ಇದರ ಮೇಲೆಯೇ.

ಸುಗ್ಗಿಯಲ್ಲಿ ವರ್ಷದ ಸಾಮಾನು ಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ನಮ್ಮ ಅತ್ತೆಯ ಅತ್ತೆ ಹಾಗೆಯೇ ಮಾಡುತ್ತಿದ್ದರು, ಆಗ ಹೊಲವಿತ್ತು. ಈಗ ಕೈಯಲ್ಲಿ ಒಟ್ಟಿಗೆ ದುಡ್ಡಿರಬೇಕು, ಕಷ್ಟವಿರುವುದೇ ಅಲ್ಲಿ. ಅತ್ತೆಯವರ ಖಾತೆಗೆ ಬರುವ ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿಯನ್ನು ನಾವು ಮುಟ್ಟುವುದಿಲ್ಲ. ಎರಡು ಮೂರು ತಿಂಗಳಿನದು ಒಟ್ಟಿಗೆ ಬಂದರೂ ಹಾಗೆಯೇ ಬಿಡುತ್ತೇವೆ. ಅದು ಜೋಳದ ದುಡ್ಡು. ವಾರದ ಕಂತಿನ ಸಾಲ ತಂದು ಕಾಳು ತುಂಬಿಸಿಕೊಳ್ಳುವುದನ್ನು ಮಾತ್ರ ಯಾರೂ ಮಾಡಬೇಡಿ. ಸುಗ್ಗಿಯ ಅಗ್ಗದ ಬೆಲೆಯಲ್ಲಿ ಉಳಿದದ್ದೆಲ್ಲ ಬಡ್ಡಿಗೆ ಹೋಗುತ್ತದೆ.

ಬಿಳಿಜೋಳ ಹಿಂಗಾರಿನ ಬೆಳೆ. ಯಲಬುರ್ಗಾ, ಕುಕನೂರು ಕಡೆಯ ಎರೆಹೊಲಗಳಲ್ಲಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ರಾಶಿಯಾಗುತ್ತದೆ. ಆಗ ಪರಿಚಯದ ರೈತರ ಕಣದಿಂದಲೇ ಆರು ಕ್ವಿಂಟಲ್ ತರಿಸುತ್ತೇವೆ. ಜೋಳ ತಂದ ಕೂಡಲೇ ಚೀಲ ಕಟ್ಟಿಡುವಂತಿಲ್ಲ. ಮಾಳಿಗೆಯ ಮೇಲೆ ತೆಳುವಾಗಿ ಹರಡಿ, ಕಾಳನ್ನು ಹಲ್ಲಿನಲ್ಲಿ ಕಚ್ಚಿದರೆ ಕಟ್ಟೆಂದು ಮುರಿಯುವವರೆಗೆ ಒಣಗಿಸಬೇಕು; ಮೆತ್ತಗೆ ಚಪ್ಪಟೆಯಾದರೆ ಇನ್ನೂ ಹಸಿ ಇದೆ ಎಂದರ್ಥ. ಸಂಜೆ ರಾಶಿ ಮಾಡಿ, ಬಿಸಿ ಪೂರ್ತಿ ಆರಿದ ಮೇಲೆ ಪೀಪಾಯಿಗೆ ತುಂಬಬೇಕು. ಬಿಸಿಯಲ್ಲಿ ತುಂಬಿದರೆ ಒಳಗೆ ಬೆವರಿ ಹುಳು ಬೀಳುತ್ತದೆ. ನೆರಳಿನಲ್ಲಿ ಒಣಗಿಸಿದ ಬೇವಿನ ಎಲೆಯನ್ನು ಪದರ ಪದರವಾಗಿ ಹಾಕುತ್ತೇವೆ. ಪೀಪಾಯಿಯನ್ನು ಗೋಡೆಗೆ ತಾಗಿಸದೆ, ಹಲಗೆಯ ಮೇಲೆ ಇಡುತ್ತೇವೆ. ಮಳೆಗಾಲದ ನಡುವೆ ಬಿಸಿಲು ಬಿದ್ದ ದಿನ ಇನ್ನೊಮ್ಮೆ ಹರಡಿ ನೋಡುತ್ತೇವೆ.

ತೊಗರಿ ಬೇಳೆಗೆ ಹರಳೆಣ್ಣೆ. ಕಿಲೊ ಬೇಳೆಗೆ ಒಂದು ಚಹಾ ಚಮಚ ಸಾಕು, ಅಂಗೈಯಲ್ಲಿ ಸವರಿ ತಿಕ್ಕಬೇಕು. ಬೇಯಿಸುವ ಮುಂಚೆ ಬೆಚ್ಚನೆ ನೀರಿನಲ್ಲಿ ತೊಳೆದರೆ ಎಣ್ಣೆ ಬಿಡುತ್ತದೆ.

ಇಲ್ಲೊಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕು. ಕಾಳಿನ ಚೀಲದಲ್ಲಿ ಇಡಲು ಕೆಲವರು ಗೊಬ್ಬರದಂಗಡಿಯಿಂದ ಗುಳಿಗೆ ತಂದುಕೊಡುತ್ತಾರೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ತೇವದ ಗಾಳಿ ತಗುಲಿದರೆ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ, ಆ ವಿಷಕ್ಕೆ ಮರುಮದ್ದು ಎಂಬುದೇ ಇಲ್ಲ. ಅದು ಗೋದಾಮಿನ ಸಾಮಾನು. ಮಕ್ಕಳು ಮಲಗುವ ಮನೆಯಲ್ಲಿ ಒಂದೇ ಒಂದು ಗುಳಿಗೆಯೂ ಇರಕೂಡದು. ಹುಳು ಬಿದ್ದು ಅರ್ಧ ಚೀಲ ಜೋಳ ದನಕ್ಕೆ ಹೋದರೂ ಚಿಂತೆಯಿಲ್ಲ.

ಅಕ್ಕಿಯ ವಿಷಯದಲ್ಲಿ ನಾವು ಪುಣ್ಯವಂತರು, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲೇ ಇದ್ದೇವೆ. ಹಳೆಯ ಸೋನಾ ಮಸೂರಿಗೆ ಬೆಲೆ ಜಾಸ್ತಿ, ಹೊಸದಕ್ಕೆ ಕಡಿಮೆ. ಮುಂಗಾರಿನ ಭತ್ತ ಮನೆಗೆ ಬಂದು ಗಿರಣಿಗೆ ಬೀಳುವ ಡಿಸೆಂಬರ್, ಜನವರಿಯಲ್ಲಿ ಹೊಸ ಅಕ್ಕಿ ಕೊಂಡು ನಾವೇ ಹಳತು ಮಾಡಿಕೊಳ್ಳುತ್ತೇವೆ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ ಎಂದು ದೊಡ್ಡವರು ಮೂಗು ಮುರಿಯುತ್ತಾರೆ. ಹಲ್ಲು ಬರುತ್ತಿರುವ ಮಕ್ಕಳಿಗೆ ಬೇಕಾದದ್ದು ಅದೇ ಮೆತ್ತನೆಯ ಅನ್ನ. ಹಾಗಾಗಿ ಒಂದು ಚೀಲ ಮಕ್ಕಳಿಗೆಂದು ಕೂಡಲೇ ಬಿಚ್ಚುತ್ತೇವೆ, ಉಳಿದವು ಆರು ತಿಂಗಳು ಕಾಯುತ್ತವೆ. ದೋಸೆ, ಪಡ್ಡು, ಇಡ್ಲಿಗೆ ಇಡಿ ಅಕ್ಕಿ ಬೇಕಿಲ್ಲ. ಗಿರಣಿಯಲ್ಲಿ ಸಿಗುವ ಅಕ್ಕಿ ನುಚ್ಚು ಅದಕ್ಕಿಂತ ಬಹಳ ಅಗ್ಗ, ನೆನೆಯುವುದೂ ಬೇಗ, ರುಬ್ಬುವುದೂ ಬೇಗ.

ಪಡಿತರದ ಅಕ್ಕಿಯನ್ನು ಕೆಲವರು ಮೂರು ಕಾಸಿಗೆ ಮಾರಿಬಿಡುತ್ತಾರೆ. ಅದು ಕಾನೂನಿಗೂ ವಿರುದ್ಧ, ಮಕ್ಕಳಿಗೂ ನಷ್ಟ. ಅದರಲ್ಲಿ ಕೆಲವೊಮ್ಮೆ ಬಣ್ಣ ಸ್ವಲ್ಪ ಬೇರೆಯಾದ, ನೀರಿನಲ್ಲಿ ತೇಲುವ ಕಾಳುಗಳಿರುತ್ತವೆ. ಪ್ಲಾಸ್ಟಿಕ್ ಎಂದು ಆರಿಸಿ ಎಸೆಯುವವರನ್ನು ನೋಡಿದ್ದೇನೆ. ಅವು ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಸೇರಿಸಿ ತಯಾರಿಸಿದ ಕಾಳು, ರಕ್ತಹೀನತೆ ತಡೆಯಲೆಂದೇ ಬೆರೆಸಿದ್ದು. ಉಜ್ಜಿ ಉಜ್ಜಿ ತೊಳೆಯದೆ, ಗಂಜಿ ಬಸಿಯದೆ ಬೇಯಿಸಬೇಕು.

ಮೆಣಸಿನಕಾಯಿ, ಹುಣಸೆಹಣ್ಣು ಎರಡೂ ಬೇಸಿಗೆಯ ಕೆಲಸ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ತೊಟ್ಟು ಬಿಡಿಸಿ ಒಣಗಿಸಿ ಒಂದೇ ಸಲ ಕುಟ್ಟಿಸುತ್ತೇವೆ. ಬೀಜ ತೆಗೆದ ಹುಣಸೆಗೆ ಉಪ್ಪು ಬೆರೆಸಿ ಜಾಡಿಯಲ್ಲಿ ಒತ್ತಿಡುತ್ತೇವೆ.

ಎಲ್ಲವನ್ನೂ ಮೂಟೆಯಲ್ಲೇ ಕೊಳ್ಳಬೇಕೆಂದೂ ಇಲ್ಲ. ಈಗ ಪೊಟ್ಟಣಗಳ ಮೇಲೆ ಗ್ರಾಂಗೆ ಅಥವಾ ಮಿಲಿಲೀಟರ್‌ಗೆ ಎಷ್ಟು ಎಂಬ ದರವನ್ನೂ ಅಚ್ಚು ಹಾಕಿರುತ್ತಾರೆ. ಸಣ್ಣ ಅಕ್ಷರ, ಆದರೆ ಓದಿದರೆ ಲಾಭ. ಕೆಲವು ಶಾಂಪೂಗಳಲ್ಲಿ ದೊಡ್ಡ ಬಾಟಲಿಗಿಂತ ಸಣ್ಣ ಪೊಟ್ಟಣವೇ ಅಗ್ಗ. ಮಕ್ಕಳಿದ್ದ ಮನೆಯಲ್ಲಿ ಬಾಟಲಿ ಬಗ್ಗಿಸಿ ಸುರಿಯುವ ಭಯವೂ ಇಲ್ಲ.

ರೊಟ್ಟಿಗೆ ನಾವು ಬೇರೆ ದಿನ ಇಟ್ಟುಕೊಂಡಿದ್ದೇವೆ. ಹಿತ್ತಿಲಲ್ಲಿ ಕಟ್ಟಿಗೆ ಒಲೆ ಹಚ್ಚಿ, ನಾನು ಹಿಟ್ಟು ನಾದಿ ಬಡಿಯುತ್ತೇನೆ, ನಡುವಿನ ನೆಗೆಣ್ಣಿ ಬೇಯಿಸುತ್ತಾಳೆ, ಕಿರಿಯವಳು ಒಲೆಯ ಸುತ್ತ ನಿಲ್ಲಿಸಿ ಒಣಗಿಸುತ್ತಾಳೆ. ಅಷ್ಟು ಹೊತ್ತು ಮಕ್ಕಳು ಅತ್ತೆಯ ಜೊತೆ ಒಳಗಿರುತ್ತಾರೆ, ಒಲೆಯ ಹತ್ತಿರ ಯಾರನ್ನೂ ಬಿಡುವುದಿಲ್ಲ. ಕಟಕ ರೊಟ್ಟಿ ಚೆನ್ನಾಗಿ ಒಣಗಿದರೆ ಬಟ್ಟೆ ಸುತ್ತಿದ ಬುಟ್ಟಿಯಲ್ಲಿ ವಾರಗಟ್ಟಲೆ ಇರುತ್ತದೆ. ಬೆಳಿಗ್ಗೆ ಶಾಲೆಯ ಗಡಿಬಿಡಿಯಲ್ಲಿ ಶೇಂಗಾ ಚಟ್ನಿಪುಡಿ, ಮೊಸರು, ರೊಟ್ಟಿ ಎಂದರೆ ಗ್ಯಾಸ್ ಹಚ್ಚುವ ಮಾತೇ ಇಲ್ಲ. ಚಿಕ್ಕವರಿಗೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಡುತ್ತೇವೆ. ಉಳಿದ ದಿನಗಳಲ್ಲಿ ಬೇಳೆಯನ್ನು ಅರ್ಧ ಗಂಟೆ ನೆನೆಸುವುದು, ಕುಕ್ಕರಿನಲ್ಲಿ ಬೇಳೆ, ಅಕ್ಕಿ, ತರಕಾರಿಯನ್ನು ಡಬ್ಬಿಯ ಮೇಲೆ ಡಬ್ಬಿ ಇಟ್ಟು ಬೇಯಿಸುವುದು, ಮೊದಲ ಸೀಟಿಯ ಮೇಲೆ ಉರಿ ಸಣ್ಣ ಮಾಡುವುದು. ಇಷ್ಟರಿಂದಲೇ ಸಿಲಿಂಡರ್ ಹಿಂದಿಗಿಂತ ಎಷ್ಟೋ ದಿನ ಹೆಚ್ಚು ಬರುತ್ತದೆ.

ಪಲ್ಯಕ್ಕೆ ಪುಂಡಿಸೊಪ್ಪು. ಹಿತ್ತಿಲಲ್ಲಿ ನಾಲ್ಕು ಗಿಡ ಇದ್ದರೆ ಚಿವುಟಿದಷ್ಟೂ ಚಿಗುರುತ್ತದೆ. ಜೋಳದ ನುಚ್ಚು, ಬೇಳೆ ಹಾಕಿ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಹದಿನಾಲ್ಕು ಜನಕ್ಕೂ ಧಾರಾಳ.

ಇನ್ನು ಚಿಪ್ಸಿನ ಮಾತು. ಮಕ್ಕಳಿಗೆ ಬರಿದೇ ಬೇಡ ಎಂದರೆ ನಡೆಯುವುದಿಲ್ಲ, ಕೈಗೆ ಇನ್ನೇನಾದರೂ ಬರಬೇಕು. ಶಾಲೆ ಬಿಟ್ಟು ಬರುವ ಹೊತ್ತಿಗೆ ಒಗ್ಗರಣೆ ಹಾಕಿದ ಮಂಡಕ್ಕಿ, ಬೆಲ್ಲದ ಶೇಂಗಾ ಉಂಡೆ, ಹೆಸರುಕಾಳಿನ ಉಸುಳಿ, ಪಂಚಮಿಯ ಆಸುಪಾಸಿನಲ್ಲಿ ಜೋಳದ ಅರಳು ಸಿದ್ಧವಿರುತ್ತವೆ. ಡಬ್ಬಿಗಳ ಮೇಲೆ ಮಕ್ಕಳ ಹೆಸರು ಬರೆದಿದ್ದೇವೆ, ಜಗಳ ನಿಂತಿತು. ಐದು ವರ್ಷದೊಳಗಿನವರಿಗೆ ಇಡೀ ಶೇಂಗಾ, ಪುಟಾಣಿ ಕೊಡುವುದಿಲ್ಲ; ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ. ಅವರಿಗೆ ಪುಡಿ ಮಾಡಿ ಬೆಲ್ಲದ ಜೊತೆ. ಹೀಗೆ ಉಳಿದ ದುಡ್ಡಿನಲ್ಲಿ ಮೊಟ್ಟೆಯ ಟ್ರೇ ಬರುತ್ತದೆ, ಹಾಲು ಒಂದು ಲೀಟರ್ ಹೆಚ್ಚಾಗಿದೆ. ಚಿಕ್ಕ ಹುಡುಗಿ ಒಮ್ಮೆ ಅಂಗಡಿಯ ಮುಂದೆ ನಿಂತು ಹಟ ಹಿಡಿದಾಗ ನಡುವಿನ ನೆಗೆಣ್ಣಿ, “ಅಕ್ಕಾ, ಹಬ್ಬದ ದಿನ ಒಂದೊಂದು ಕೊಡಿಸೋಣ” ಎಂದಳು. ಅದನ್ನೇ ಕಟ್ಟಳೆ ಮಾಡಿಕೊಂಡಿದ್ದೇವೆ.

ಬಟ್ಟೆಯ ವಿಷಯದಲ್ಲಿ ಟೈಲರ್ ಮೈದುನ ನಮ್ಮ ದೊಡ್ಡ ಆಸ್ತಿ. ಲಂಗ, ಫ್ರಾಕುಗಳಿಗೆ ಕೆಳಗೆ ಎರಡು ಮಡಿಕೆ ಹಾಕಿ ಹೊಲಿಯುತ್ತಾನೆ, ಮಗು ಎತ್ತರವಾದಂತೆ ಒಂದೊಂದನ್ನೇ ಬಿಚ್ಚಿದರಾಯಿತು. ನೂಲಿನ ಹಳೆಯ ಸೀರೆ, ಪಂಚೆಗಳು ಎಳೆಗೂಸಿಗೆ ಲಂಗೋಟಿ. ಅಂಗಡಿಯ ಡೈಪರ್ ಪ್ರಯಾಣಕ್ಕೆ ಮಾತ್ರ. ಲಂಗೋಟಿಯನ್ನು ಬಿಸಿನೀರಿನಲ್ಲಿ ಒಗೆದು ಸುಡುಬಿಸಿಲಿಗೆ ಹಾಕಬೇಕು, ಬಿಸಿಲಿಗೇನೂ ನಮ್ಮಲ್ಲಿ ಬರವಿಲ್ಲ. ಕುಂಚಿಗೆ ಒಂದೇ, ಆರೂ ಮಕ್ಕಳು ಅದನ್ನೇ ತೊಟ್ಟಿದ್ದಾರೆ, ಅಂಚು ಮಾತ್ರ ಹೊಸದು. ಹರಿದ ಇಳಕಲ್ ಸೀರೆಗಳೆಲ್ಲ ಕೌದಿಯಾಗುತ್ತವೆ. ಪದರಗಳನ್ನು ಹಾಸಿ, ನಾಲ್ಕೂ ಕಡೆ ಟಾಕಿ ಹಿಡಿದು, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಹೊಲಿಯುತ್ತಾ ಬರುತ್ತಾರೆ ಅತ್ತೆ. ಅವರ ಹೊಲಿಗೆಯ ಕೌದಿಯನ್ನು ಹತ್ತು ವರ್ಷ ಒಗೆದರೂ ಗಂಟುಗಟ್ಟುವುದಿಲ್ಲ. ಅಂಗಡಿಯ ಯಾವ ರಗ್ಗೂ ನನ್ನ ಕಣ್ಣಿಗೆ ಅದರ ಮುಂದೆ ನಿಲ್ಲುವುದಿಲ್ಲ.

ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ನಾವೇ ಕಟ್ಟಬೇಕು. ಹದಿನಾಲ್ಕು ಜನರ ಮನೆಗೆ ಬೇಸಿಗೆಯಲ್ಲಿ ಅದು ಬಿಗಿಯೇ. ಹಳೆಯ ಫ್ಯಾನ್ 75 ವ್ಯಾಟ್ ಆಸುಪಾಸು ಎಳೆಯುತ್ತದೆ, ಬಿಎಲ್‌ಡಿಸಿ ಎಂಬ ಕರೆಂಟು ಉಳಿಸುವ ಹೊಸ ಬಗೆಯ ಫ್ಯಾನ್ 30ರ ಆಸುಪಾಸು. ನಾಲ್ಕು ಫ್ಯಾನ್ ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ ಅರವತ್ತಕ್ಕೂ ಹೆಚ್ಚು ಯೂನಿಟ್ ಉಳಿಯುತ್ತದೆ. ಒಂದೊಂದಾಗಿ ಬದಲಿಸಿದೆವು. ಮಕ್ಕಳ ಸ್ನಾನದ ನೀರು ಮಾಳಿಗೆಯ ಮೇಲಿನ ಹಂಡೆಯಲ್ಲಿ ಮಧ್ಯಾಹ್ನದೊಳಗೆ ತಾನೇ ಕಾಯುತ್ತದೆ.

ಕೈ ಬಿಗಿ ಹಿಡಿಯಬಾರದ ಜಾಗಗಳೂ ಇವೆ. ಚಪ್ಪಲಿ, ಬೂಟು ಎರಡು ಅಳತೆ ದೊಡ್ಡದು ಕೊಂಡರೆ ಮಗು ಎಡವಿ ಬೀಳುತ್ತದೆ. ಬೆರಳಗಲ ಜಾಗ ಬಿಟ್ಟು ಕೊಳ್ಳುತ್ತೇವೆ. ಒಂದು ಮಗುವಿಗೆ ಬರೆದುಕೊಟ್ಟ ಔಷಧಿ ಉಳಿದಿದೆ ಎಂದು ಇನ್ನೊಂದಕ್ಕೆ ಕುಡಿಸುವುದಿಲ್ಲ. ತೂಕಕ್ಕೆ ತಕ್ಕಂತೆ ಪ್ರಮಾಣ ಬೇರೆಯಾಗುತ್ತದೆ, ನೀರು ಬೆರೆಸಿದ ಆಂಟಿಬಯಾಟಿಕ್ ಸಿರಪ್ ಕೆಲವು ದಿನಗಳಲ್ಲೇ ಕೆಡುತ್ತದೆ. ಲಸಿಕೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಆರೂ ಮಕ್ಕಳ ತಾಯಿ ಕಾರ್ಡುಗಳನ್ನು ಖರ್ಚಿನ ಪುಸ್ತಕದ ಜೊತೆಗೇ ಕಟ್ಟಿಟ್ಟಿದ್ದೇನೆ, ತಿಂಗಳ ಲೆಕ್ಕ ಹಾಕುವಾಗ ಮುಂದಿನ ಲಸಿಕೆಯ ತಾರೀಖೂ ಕಣ್ಣಿಗೆ ಬೀಳುತ್ತದೆ.