ಬೇಟನ್ ಕೆಳಗಿನಿಂದ ಕೊಟ್ಟು ನೋಡಿದೆವು

2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಜಪಾನ್ 4×100 ರಿಲೇಯನ್ನು 37.60 ಸೆಕೆಂಡಿನಲ್ಲಿ ಓಡಿ ಬೆಳ್ಳಿ ಗೆದ್ದಿತಲ್ಲ, ಆಗ ಆ ನಾಲ್ವರಲ್ಲಿ ಒಬ್ಬನೂ ನೂರು ಮೀಟರನ್ನು ಹತ್ತು ಸೆಕೆಂಡಿನೊಳಗೆ ಮುಗಿಸಿದವನಲ್ಲ. ಬೇಟನ್ನನ್ನು, ಅಂದರೆ ರಿಲೇಯಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿಸುವ ಕೋಲನ್ನು, ಅವರು ಕೊಡುತ್ತಿದ್ದುದು ಕೆಳಗಿನಿಂದ ಮೇಲಕ್ಕೆ. ಅದೇ ಫೈನಲ್‌ನಲ್ಲಿ ಅಮೆರಿಕದವರು ಮೊದಲ ಚೇಂಜ್‌ಓವರ್‌ನಲ್ಲೇ (ಬೇಟನ್ ಕೈ ಬದಲಾಗುವಾಗಲೇ) ತಪ್ಪಿ ಅನರ್ಹರಾದರು. ಆ ಓಟವನ್ನು ನೂರು ಸಲವಾದರೂ ನೋಡಿದ್ದೇನೆ. ನಮ್ಮ ಕಾಲೇಜು ಹುಡುಗರಿಗೂ ಬೇಟನ್ನನ್ನು ಕೆಳಗಿನಿಂದ ಮೇಲಕ್ಕೆ ಕೊಡುವುದನ್ನೇ ಕಲಿಸುತ್ತೇನೆ ಎಂದಾಗ ಮಂಗಳೂರಿನ ಹಿರಿಯ ಕೋಚ್ ಒಬ್ಬರು, “ಅದೆಲ್ಲ ನಮ್ಮವರಿಗೆ ಆಗುವುದಿಲ್ಲ ಮಾರಾಯ್ರೇ” ಎಂದರು.

ಮೊದಲೆರಡು ತಿಂಗಳು ಅವರ ಮಾತೇ ನಿಜವಾಯಿತು. ಚೆಕ್ ಮಾರ್ಕ್, ಅಂದರೆ ಹಿಂದಿನವನು ದಾಟಿದೊಡನೆ ಮುಂದಿನವನು ಓಟ ಶುರುಮಾಡಬೇಕಾದ ಗುರುತನ್ನು, ಹಳೆಯ 26 ಪಾದಕ್ಕೇ ಇಟ್ಟಿದ್ದೆ. ಕೆಳಗಿನಿಂದ ಕೊಡಬೇಕಾದರೆ ಇನ್ನೂ ಹತ್ತಿರ ಬರಬೇಕು, ಅಷ್ಟರಲ್ಲಿ ಬೇಟನ್ ದಾಟಿಸಬೇಕಾದ 30 ಮೀಟರ್ ಝೋನೇ ಮುಗಿದಿರುತ್ತಿತ್ತು. 22ಕ್ಕೆ ಇಳಿಸಿದೆ. ಹಿಂದಿನವನ ಸ್ಪೈಕ್ಸ್ ಮುಂದಿನವನ ಹಿಮ್ಮಡಿ ಸೀಳಿತು. ಶೂ ತುಂಬ ರಕ್ತ, ಮೂರು ವಾರ ಓಟವಿಲ್ಲ. ಕೊನೆಗೆ 24ಕ್ಕೆ ನಿಂತೆವು. ಇನ್ನೊಂದು ತೊಂದರೆ ಕೈಯಿಂದ ಕೈಗೆ ಹೋದಂತೆ ಹಿಡಿತ ಮೇಲೇರುವುದು. ನಾಲ್ಕನೆಯವನಿಗೆ ಬೆರಳು ಊರಲೂ ಜಾಗ ಉಳಿಯುತ್ತಿರಲಿಲ್ಲ. ಅದಕ್ಕೊಂದು ಉಪಾಯ ಸಿಕ್ಕಿದೆ, ಈ ಸೀಸನ್ ಮುಗಿಯಲಿ, ಹೇಳುತ್ತೇನೆ.

ಬೇಟನ್‌ಗೆಂದು ದುಡ್ಡು ಸುರಿಯಬೇಡಿ. ಹಾರ್ಡ್‌ವೇರ್ ಅಂಗಡಿಯ 40 ಎಂಎಂ ಪಿವಿಸಿ ಪೈಪಿನ ಸುತ್ತಳತೆ ಹನ್ನೆರಡೂವರೆ ಸೆಂಟಿಮೀಟರ್, ನಿಯಮದ ಅಳತೆಯೊಳಗೇ ಬರುತ್ತದೆ. ಸುಮಾರು ಮುನ್ನೂರು ರೂಪಾಯಿಗೆ ಒಂದು ಪೈಪ್ ತಂದು 29 ಸೆಂಟಿಮೀಟರಿನ ಹತ್ತು ತುಂಡು ಮಾಡಿದೆ, ಅಂಚನ್ನು ಮರಳು ಕಾಗದದಿಂದ ಉಜ್ಜಿದೆ. ಉಳಿದ ದುಡ್ಡೆಲ್ಲ ಮೊಟ್ಟೆ, ಬಾಳೆಹಣ್ಣು, ಬಸ್ ಚಾರ್ಜಿಗೆ ಹೋಯಿತು. ನನ್ನ ಜೇಬಿನಿಂದಲೇ ಎಂಟು-ಒಂಬತ್ತು ಸಾವಿರ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಕರಾವಳಿಯ ಸೆಕೆಗೆ ಅಂಗೈ ಸದಾ ಒದ್ದೆ, ಹಿಡಿತಕ್ಕೆಂದು ಕೈಗೆ ಏನನ್ನೂ ಹಚ್ಚಲು ನಿಯಮ ಬಿಡುವುದಿಲ್ಲ. ಹಾಗಾಗಿ ಪೈಪಿಗೇ ತೆಂಗಿನೆಣ್ಣೆ ಸವರಿ ವಾರಕ್ಕೆರಡು ದಿನ ಜಾಗಿಂಗ್ ವೇಗದಲ್ಲಿ ಪಾಸ್ ಮಾಡಿಸಿದೆ. ಮೊದಲ ದಿನ ನಲವತ್ತರಲ್ಲಿ ಮೂವತ್ತು ಬಿದ್ದವು, ತಿಂಗಳ ಕೊನೆಗೆ ನಾಲ್ಕೋ ಐದೋ.

ನಾಲ್ವರ ನೂರು ಮೀಟರ್ ಟೈಮಿಂಗ್ ಕೂಡಿಸಿದರೆ ಸುಮಾರು 44.6 ಸೆಕೆಂಡು. ಮೇಲಿನಿಂದ ಕೊಡುವ ಹಳೆಯ ಪದ್ಧತಿಯಲ್ಲಿ ರಿಲೇ 43.9 ಆಗುತ್ತಿತ್ತು. ಅಂತರ ಕಾಲೇಜು ಕೂಟದಲ್ಲಿ 42.5ಕ್ಕೆ ಬಂದೆವು, ಎರಡನೇ ಸ್ಥಾನ. ನಮಗಿಂತ ವೇಗದ ಹುಡುಗರಿದ್ದ ಎರಡು ತಂಡಗಳನ್ನು ಹಿಂದೆ ಹಾಕಿದ್ದು ಬರೀ ಚೇಂಜ್‌ಓವರ್‌ನಿಂದ, ಇದನ್ನು ಎದೆ ತಟ್ಟಿ ಹೇಳುತ್ತೇನೆ. ಮೂರನೆಯ ಚೇಂಜ್ ಮಾತ್ರ ಇನ್ನೂ ನಿಧಾನ. ಮಳೆ ಬಿಟ್ಟ ಮೇಲೆ ಅಲ್ಲಿ ಇಪ್ಪತ್ತೈದು ಪಾದ ಇಟ್ಟು ನೋಡುತ್ತೇವೆ.