ಮುಂದೂಡಿದ ಕೆಲಸಕ್ಕೆ ಕೈ ಹಚ್ಚುವುದು ಹೇಗೆ?

ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೊಠಡಿ ಹಿಡಿದು ಕೆಎಎಸ್ ಮುಖ್ಯ ಪರೀಕ್ಷೆಗೆ ತಯಾರಾಗುವವರು ಬೆಳಗಿನಿಂದ ರಾತ್ರಿಯವರೆಗೆ ಓದಬಲ್ಲರು. ಆದರೆ ಉತ್ತರ ಬರೆಯುವ ಅಭ್ಯಾಸವನ್ನು ಮಾತ್ರ ‘ಇನ್ನೊಂದು ಸಲ ಓದಿ ಮುಗಿಸಿ ಬರೆದರಾಯಿತು’ ಎಂದು ವಾರಗಟ್ಟಲೆ ಮುಂದಕ್ಕೆ ತಳ್ಳುತ್ತಾರೆ. ಇಷ್ಟು ಓದುವವರನ್ನು ಸೋಮಾರಿಗಳೆನ್ನುವುದು ಅನ್ಯಾಯ. ಬರೆಯಲು ಕುಳಿತರೆ ತಮ್ಮ ಕೊರತೆ ಕಣ್ಣಿಗೆ ಬೀಳುತ್ತದೆಂಬ ಅಳುಕೇ ಅವರನ್ನು ತಡೆಯುತ್ತದೆ. ಮುಂದೂಡುವಿಕೆ ಎಂದರೆ ಅಹಿತಕರ ಭಾವನೆಯಿಂದ ತಾತ್ಕಾಲಿಕವಾಗಿ ತಪ್ಪಿಸಿಕೊಳ್ಳುವುದು ಎಂದು ಮನಶ್ಶಾಸ್ತ್ರಜ್ಞರಾದ ಟಿಮೊಥಿ ಪಿಚಿಲ್ ಮತ್ತು ಫ್ಯೂಶಿಯಾ ಸಿರೋಯಿಸ್ ವಿವರಿಸಿದ್ದಾರೆ. ಆದ್ದರಿಂದ ತನ್ನನ್ನು ತಾನೇ ಬೈದುಕೊಳ್ಳುವುದರಿಂದ ಅಳುಕು ಹೆಚ್ಚುತ್ತದೆಯೇ ಹೊರತು ಕೆಲಸ ಸಾಗುವುದಿಲ್ಲ.

ಮೊದಲು ಕೆಲಸವನ್ನು ಚಿಕ್ಕದು ಮಾಡಿ. ‘ಪ್ರಬಂಧ ಅಭ್ಯಾಸ’ ಎಂದು ಬರೆದಿಟ್ಟರೆ ಎಲ್ಲಿಂದ ಆರಂಭಿಸಬೇಕೆಂದು ತಿಳಿಯುವುದಿಲ್ಲ. ‘ಕೃಷ್ಣಾ ಜಲವಿವಾದದ ಪ್ರಶ್ನೆಗೆ ನಾಲ್ಕು ಸಾಲಿನ ಪೀಠಿಕೆ’ ಎಂದು ಬರೆದಿಟ್ಟರೆ ಪೆನ್ನು ತಾನಾಗಿ ಕೈಗೆ ಬರುತ್ತದೆ.

ಎರಡನೆಯದಾಗಿ, ಆ ಕೆಲಸಕ್ಕೆ ಹೊತ್ತು ಮತ್ತು ಜಾಗ ಗೊತ್ತುಮಾಡಿ. ಇಂಥ ಸಂದರ್ಭ ಬಂದಾಗ ಇಂಥದ್ದನ್ನು ಮಾಡುತ್ತೇನೆಂದು ಮೊದಲೇ ನಿಶ್ಚಯಿಸಿಕೊಂಡವರು ಅಂದುಕೊಂಡದ್ದನ್ನು ಹೆಚ್ಚಾಗಿ ಮಾಡಿ ಮುಗಿಸುತ್ತಾರೆ ಎಂಬುದನ್ನು ಜರ್ಮನಿಯ ಪೀಟರ್ ಗೋಲ್ವಿಟ್ಸರ್ ಅವರ ಅಧ್ಯಯನಗಳು ತೋರಿಸಿವೆ. ‘ಬೆಳಿಗ್ಗೆ ಚಹಾ ಕುಡಿದು ಲೋಟ ತೊಳೆದಿಟ್ಟ ಕೂಡಲೇ ಕಿಟಕಿ ಪಕ್ಕದ ಮೇಜಿನಲ್ಲಿ ಬರೆಯಲು ಕೂರುತ್ತೇನೆ’ ಎಂಬಷ್ಟು ಖಚಿತವಾಗಿರಲಿ. ರಾತ್ರಿ ಮಲಗುವ ಮುನ್ನವೇ ಹಾಳೆಯ ನೆತ್ತಿಯಲ್ಲಿ ಪ್ರಶ್ನೆಯನ್ನು ಬರೆದು, ಪೆನ್ನನ್ನು ಅದರ ಮೇಲಿಟ್ಟು, ಮೊಬೈಲನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ. ಈ ಸಿದ್ಧತೆ ಸಣ್ಣದಾಗಿ ಕಂಡರೂ, ನನ್ನ ಅಭಿಪ್ರಾಯದಲ್ಲಿ ಉಳಿದೆಲ್ಲ ಉಪಾಯಗಳಿಗಿಂತ ಹೆಚ್ಚು ಫಲ ಕೊಡುವುದು ಇದೇ.

ಕುಳಿತ ಮೇಲೆ 25 ನಿಮಿಷ ಬರೆದು 5 ನಿಮಿಷ ಏಳಿ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ರೂಪಿಸಿದ ಈ ಕ್ರಮದಲ್ಲಿ ಕೊನೆ ಕಣ್ಣಿಗೆ ಕಾಣುವುದರಿಂದ ಕೂರುವ ಧೈರ್ಯ ಬರುತ್ತದೆ. ಏಳುವಾಗ ಮುಂದಿನ ವಾಕ್ಯ ಏನೆಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ.

ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಕೂಡಿಬರುತ್ತದೆಂಬ ಮಾತನ್ನು ನೆಚ್ಚಿಕೊಳ್ಳಬೇಡಿ. ಫಿಲಿಪ್ಪಾ ಲ್ಯಾಲಿ ಮತ್ತು ಸಹೋದ್ಯೋಗಿಗಳು ಲಂಡನ್ನಿನಲ್ಲಿ 96 ಮಂದಿಯನ್ನು 12 ವಾರ ಗಮನಿಸಿ, ಅದರ ಆಧಾರದ ಮೇಲೆ ಮುಂದಿನದನ್ನೂ ಲೆಕ್ಕ ಹಾಕಿದಾಗ, ಒಂದು ಅಭ್ಯಾಸ ಮೈಗೂಡಲು ವ್ಯಕ್ತಿಯಿಂದ ವ್ಯಕ್ತಿಗೆ ಅಂದಾಜು 18ರಿಂದ 254 ದಿನ ಬೇಕೆಂದು ಕಂಡುಬಂತು. ಮಧ್ಯಮ ಪ್ರಮಾಣ 66 ದಿನ. ನೀರು ಕುಡಿಯುವಂಥ ಸರಳ ಅಭ್ಯಾಸಗಳು ಬೇಗ ಕೂಡಿಬಂದರೆ, ವ್ಯಾಯಾಮದಂಥವು ತಡವಾದವು. ನಡುವೆ ಒಂದು ದಿನ ತಪ್ಪಿದರೂ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ ಎಂಬುದು ಎಲ್ಲಕ್ಕಿಂತ ಸಮಾಧಾನದ ಸಂಗತಿ. ಊರ ಜಾತ್ರೆಗೆ ಹೋಗಿ ಎರಡು ದಿನ ಬರೆಯದಿದ್ದರೆ, ಬಾಕಿ ತೀರಿಸಲು ಹೋಗದೆ ಮೂರನೆಯ ದಿನ ಮತ್ತೆ ನಾಲ್ಕೇ ಸಾಲಿನಿಂದ ಆರಂಭಿಸಿ.

ಬರೆದದ್ದನ್ನು ಭಾನುವಾರ ಜೊತೆಗಾರರೊಂದಿಗೆ ಅದಲುಬದಲು ಮಾಡಿಕೊಂಡು ತಿದ್ದಿ. ಓದಲು ಒಬ್ಬರು ಕಾಯುತ್ತಿದ್ದಾರೆಂದರೆ ಶನಿವಾರದ ನೆಪಗಳು ಕಡಿಮೆಯಾಗುತ್ತವೆ.

ಇಷ್ಟಾದರೂ ವಾರಗಟ್ಟಲೆ ಯಾವುದರಲ್ಲೂ ಮನಸ್ಸು ನಿಲ್ಲದೆ, ನಿದ್ದೆಯೂ ಊಟವೂ ಕೆಟ್ಟಿದ್ದರೆ ಅದು ಖಿನ್ನತೆಯಿರಬಹುದು, ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.