ಅಮ್ಮ, ಮಕ್ಕಳು ಮತ್ತು ಲಾಂಜ್ ಲೆಕ್ಕ: ನನ್ನ ಅನುಭವ

ಕಾಶಿಗೆ ಹೊರಟಿದ್ದು ಐದು ಜನ. ನಾನು, ನನ್ನ ಹೆಂಡತಿ, ಅಮ್ಮ, ಏಳು ವರ್ಷದ ಮಗಳು, ಇನ್ನೂ ಎರಡು ತುಂಬದ ಮಗ. ಡಿಸೆಂಬರ್ ಕೊನೆ, ಮಧ್ಯಾಹ್ನದ ವಿಮಾನ. ಮನೆ ಜೆ.ಪಿ. ನಗರದ ಕಡೆ. ಅಲ್ಲಿಂದ ದೇವನಹಳ್ಳಿಗೆ ಹೋಗಬೇಕು ಅಂದರೆ ಬೆಂಗಳೂರನ್ನು ಪೂರ್ತಿ ದಾಟಬೇಕು. ಟ್ರಾಫಿಕ್ಕನ್ನು ನಂಬಿ ಕೂರೋಕಾಗಲ್ಲ, ಬೆಳಿಗ್ಗೆಯೇ ಮನೆ ಬಿಡಬೇಕು. ಹಾಗೆ ಬಿಟ್ಟರೆ ಊಟದ ಹೊತ್ತು ವಿಮಾನ ನಿಲ್ದಾಣದಲ್ಲೇ ಕಳೆಯುತ್ತದೆ. ಲಾಂಜ್ ಯೋಚನೆ ಬಂದಿದ್ದು ಅದಕ್ಕೆ. ಲಾಂಜ್ ಅಂದರೆ ನಿಲ್ದಾಣದೊಳಗೆ ಕೂತು ಊಟ ಮಾಡಲು ಇರುವ ಬೇರೆ ಕೋಣೆ; ದುಡ್ಡು ಕೊಟ್ಟು ಹೋಗಬಹುದು, ಕೆಲವು ಬ್ಯಾಂಕ್ ಕಾರ್ಡುಗಳಿದ್ದರೆ ಹೆಚ್ಚುಕಡಿಮೆ ಬಿಟ್ಟಿ.

ಒಬ್ಬರೇ ಹೋಗುವಾಗ ಲಾಂಜ್ ವಿಷಯ ಸುಲಭ. ಕಾರ್ಡ್ ಉಜ್ಜಿ, ತಿಂದು, ಎದ್ದು ಬರಬಹುದು. ಮನೆಮಂದಿಯೆಲ್ಲ ಹೊರಟಾಗ ಮಾತ್ರ ತಲೆ ಲೆಕ್ಕ ಹಾಕಲೇಬೇಕು. ಕಾರ್ಡಿನ ಸೌಲಭ್ಯ ಸಾಮಾನ್ಯವಾಗಿ ಇರುವುದು ಕಾರ್ಡ್ ಯಾರ ಹೆಸರಲ್ಲಿದೆಯೋ ಅವರಿಗೆ ಮಾತ್ರ. ಕಾರ್ಡಿನ ಹೆಸರು, ಬೋರ್ಡಿಂಗ್ ಪಾಸಿನ ಹೆಸರು ಎರಡೂ ಒಂದೇ ಇರಬೇಕು. ‘ನನ್ನ ಕಾರ್ಡಲ್ಲಿ ಇನ್ನೂ ಒಂದು ಸಲ ಬಾಕಿ ಇದೆ, ಅದನ್ನ ಅಮ್ಮನಿಗೆ ಹಾಕಿ’ ಅಂದರೆ ಬಹುತೇಕ ಕಡೆ ನಡೆಯಲ್ಲ.

ಹಾಗಾಗಿ ಹೊರಡುವ ಒಂದು ವಾರ ಮೊದಲೇ ಮನೆಯ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತೆ. ನನ್ನ ಕ್ರೆಡಿಟ್ ಕಾರ್ಡಿಗೆ ಮೂರು ತಿಂಗಳಿಗೊಮ್ಮೆ ಲಾಂಜ್ ಇದೆ, ಆದರೆ ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿರಬೇಕು. 2024ರಿಂದ ಈಚೆಗೆ ಸುಮಾರು ಬ್ಯಾಂಕುಗಳು ಈ ಷರತ್ತು ತಂದಿವೆ. ಹೆಂಡತಿಯದು ಅವಳದೇ ಬೇರೆ ಕಾರ್ಡ್, ಅದಕ್ಕೂ ಸೌಲಭ್ಯ ಇತ್ತು. ಅಮ್ಮನ ಪಿಂಚಣಿ ಖಾತೆಯ ರುಪೇ ಡೆಬಿಟ್ ಕಾರ್ಡನ್ನು ಯಾರೂ ಗಮನಿಸಿಯೇ ಇರಲಿಲ್ಲ. ಬ್ಯಾಂಕಿಗೆ ಫೋನ್ ಮಾಡಿದರೆ ಅದಕ್ಕೂ ಇದೆ ಅಂದರು. ಅಲ್ಲಿಗೆ ಮೂರು ದೊಡ್ಡ ತಲೆಗಳ ಲೆಕ್ಕ ಮುಗಿಯಿತು. ಆದರೆ ಕಾರ್ಡ್ ಉಜ್ಜಿದಾಗ ಪಿನ್ ಕೇಳಬಹುದಲ್ವಾ? ಅಮ್ಮ ಆ ಪಿನ್ ಬಳಸಿದ್ದು ಯಾವ ಕಾಲದಲ್ಲೋ. ಹಿಂದಿನ ದಿನವೇ ಎಟಿಎಂಗೆ ಕರೆದುಕೊಂಡು ಹೋಗಿ ಐನೂರು ರೂಪಾಯಿ ತೆಗೆಸಿದೆ. ಪಿನ್ ನೆನಪಿದೆ ಅಂತ ಖಾತ್ರಿ ಆಯಿತು.

ಇನ್ನು ಮಕ್ಕಳು. ಎರಡು ವರ್ಷದೊಳಗಿನ ಮಗುವಿಗೆ ಸಾಮಾನ್ಯವಾಗಿ ದುಡ್ಡು ತಗೊಳ್ಳಲ್ಲ. ತೊಂದರೆ ಇರುವುದು ಅದರ ಮೇಲಿನ ವಯಸ್ಸಿನವರದು. ಕೆಲವು ಕಡೆ ಅರ್ಧ, ಕೆಲವು ಕಡೆ ಪೂರ್ತಿ. ಕೆಲವು ಕಾರ್ಡುಗಳಲ್ಲಿ ಮಗುವೂ ‘ಅತಿಥಿ’. ಈ ಅತಿಥಿ ಅನ್ನುವುದರ ಬಗ್ಗೆ ಹುಷಾರಾಗಿರಿ. ಆ ದುಡ್ಡನ್ನು ಎಷ್ಟೋ ಸಲ ಕೌಂಟರಲ್ಲಿ ಕೇಳಲ್ಲ, ಮುಂದಿನ ತಿಂಗಳ ಬಿಲ್ಲಿನಲ್ಲಿ ಡಾಲರ್ ಲೆಕ್ಕದಲ್ಲಿ ತೆರಿಗೆ ಸೇರಿಸಿ ಬರುತ್ತದೆ. ಪ್ರಯಾರಿಟಿ ಪಾಸ್ (ಬೇರೆ ಬೇರೆ ದೇಶಗಳ ಲಾಂಜಿಗೆ ಹೋಗಲು ಇರುವ ಪ್ರತ್ಯೇಕ ಕಾರ್ಡ್) ಇಟ್ಟುಕೊಂಡವರು ಇನ್ನೂ ಒಂದು ವಿಷಯ ನೋಡಿಕೊಳ್ಳಬೇಕು. ನಮ್ಮ ಬ್ಯಾಂಕುಗಳು ಕೊಡುವ ಆ ಪಾಸ್ ಎಷ್ಟೋ ಸಲ ಹೊರದೇಶದಲ್ಲಿ ಮಾತ್ರ ಬಿಟ್ಟಿ. ಇಲ್ಲಿ ತೋರಿಸಿದರೆ ಚಾರ್ಜ್ ಬೀಳುತ್ತದೆ. ಇಲ್ಲಿ ಕಾರ್ಡನ್ನೇ ಕೊಡಿ. ಮಗಳಿಗೆ ನೇರವಾಗಿ ಕೌಂಟರಲ್ಲಿ ಎಷ್ಟು ಅಂತ ಕೇಳಿ, ಅಲ್ಲೇ ಕಟ್ಟಿ, ರಸೀದಿ ತಗೊಳ್ಳೋದು ಅಂತ ತೀರ್ಮಾನಿಸಿದೆ.

ಟರ್ಮಿನಲ್ ಯಾವುದು ಅಂತ ನೋಡದೆ ಇದೆಲ್ಲ ಮಾಡಿ ಪ್ರಯೋಜನ ಇಲ್ಲ. ಬೆಂಗಳೂರಿನಲ್ಲಿ 2023ರ ಜನವರಿಯಿಂದ ಎರಡನೇ ಟರ್ಮಿನಲ್ ಶುರುವಾಗಿದೆ, ಅದೇ ಸೆಪ್ಟೆಂಬರಿನಲ್ಲಿ ಹೊರದೇಶದ ವಿಮಾನಗಳೂ ಅಲ್ಲಿಗೇ ಹೋದವು. ಎರಡೂ ಟರ್ಮಿನಲ್‌ಗಳಲ್ಲಿ 080 ಲಾಂಜ್ ಇದೆ. ಬ್ಯಾಂಕಿನ ಪಟ್ಟಿಯಲ್ಲಿ ‘ಬೆಂಗಳೂರು’ ಅಂತ ಇದ್ದರೆ ಸಾಲದು, ನಿಮ್ಮ ಟರ್ಮಿನಲ್ ಹೆಸರು ಇರಬೇಕು. ಸೆಕ್ಯುರಿಟಿ ದಾಟಿದ ಮೇಲೆ ಒಂದರಿಂದ ಇನ್ನೊಂದಕ್ಕೆ ಹೋಗಲಾಗುವುದಿಲ್ಲ.

ನಮ್ಮದು ಟಿ2. ಅಮ್ಮನಿಗೆ ಮಂಡಿನೋವು, ಹಾಗಾಗಿ ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಿದ್ದೆ. ಗಾಲಿಕುರ್ಚಿ ತಳ್ಳುವವರು ಸಾಮಾನ್ಯವಾಗಿ ನೇರ ಗೇಟಿಗೆ ಕರೆದುಕೊಂಡು ಹೋಗಿ ಬಿಟ್ಟುಬಿಡುತ್ತಾರೆ. ಅವರಿಗೆ ಮೊದಲೇ ಹೇಳಬೇಕು: ‘ಅಣ್ಣ, ಲಾಂಜ್ ಹತ್ರ ಬಿಡಿ, ಇಷ್ಟು ಹೊತ್ತಿಗೆ ವಾಪಸ್ ಬನ್ನಿ.’ ಸಮಯ ಹೇಳದೆ ಇದ್ದರೆ ಅವರು ಇನ್ನೊಬ್ಬರನ್ನು ಕರೆದುಕೊಂಡು ಹೋಗಿರುತ್ತಾರೆ, ಪಾಪ ಅವರ ಕೆಲಸವೂ ಹಾಗೇ. ನಾವು ಅವರ ಡೆಸ್ಕಿನ ನಂಬರ್ ಕೂಡ ಬರೆದುಕೊಂಡೆವು. ಇನ್ನು ಮುಖ ತೋರಿಸಿ ಬೇರೆ ಸಾಲಿನಲ್ಲಿ ಒಳಗೆ ಹೋಗುವ ಡಿಜಿಯಾತ್ರಾ ಆ್ಯಪ್ ನನ್ನ ಹತ್ತಿರ ಇದೆ, ಅಮ್ಮನ ಹತ್ತಿರ ಇಲ್ಲ. ಎಲ್ಲರೂ ಮಾಮೂಲಿ ಸಾಲಿನಲ್ಲೇ ಹೋದೆವು. ಮನೆಮಂದಿಯನ್ನು ಎರಡು ಸಾಲಿಗೆ ಹಂಚಿ, ಒಳಗೆ ಹೋಗಿ ಒಬ್ಬರನ್ನೊಬ್ಬರು ಹುಡುಕಾಡುವುದು ಯಾರಿಗೆ ಬೇಕು?

ಸೆಕ್ಯುರಿಟಿ ಮುಗಿಸಿ ನೇರ ಲಾಂಜಿಗೆ ನುಗ್ಗಲಿಲ್ಲ. ಕಾರ್ಡಿನ ಮೇಲೆ ಒಳಗೆ ಹೋದರೆ ಕೂರಲು ಕೊಡುವುದು ಎರಡೋ ಮೂರೋ ಗಂಟೆ. ಕಾರ್ಡ್ ಉಜ್ಜಿದ ಕ್ಷಣದಿಂದ ಗಡಿಯಾರ ಶುರು. ಚಳಿಗಾಲದಲ್ಲಿ ಉತ್ತರದ ಕಡೆ ಮಂಜು ಬಿದ್ದು ವಿಮಾನ ತಡವಾಗುವುದು ಮಾಮೂಲಿ, ವಾರಾಣಸಿಯಂತೂ ಕೇಳಲೇಬೇಡಿ. ತಡವಾಯಿತು ಅಂತ ಲಾಂಜಿನವರು ಸಮಯ ಹೆಚ್ಚಿಸಲೇಬೇಕು ಅಂತೇನೂ ಇಲ್ಲ. ಅದಕ್ಕೇ ಮೊದಲು ನಮಗೆ ಬರಬೇಕಾದ ವಿಮಾನ ಎಲ್ಲಿದೆ ಅಂತ ಫೋನಿನಲ್ಲಿ ನೋಡಿದೆ. ಅದು ಇನ್ನೂ ಹಿಂದಿನ ಊರಿನಿಂದ ಹೊರಟೇ ಇರಲಿಲ್ಲ. ಒಂದು ಗಂಟೆ ತಡ ಗ್ಯಾರಂಟಿ. ಅಷ್ಟು ಹೊತ್ತು ಹೊರಗೇ ಕೂತೆವು. ಟಿ2ರಲ್ಲಿ ಹೊರಗೆ ಕೂರುವುದು ಶಿಕ್ಷೆ ಏನಲ್ಲ. ಬಿದಿರಿನ ಚಾವಣಿ, ಮೇಲಿಂದ ಇಳಿಬಿಟ್ಟ ಗಿಡಗಳು, ಮಗಳಿಗೆ ಓಡಾಡಲು ಜಾಗ. ಖಾಲಿ ಬಾಟಲಿಗೆ ನಲ್ಲಿ ನೀರು ತುಂಬಿಸಿಕೊಂಡೆವು. ಅಮ್ಮ ಮನೆಯಿಂದ ತಂದಿದ್ದ ಚಕ್ಕುಲಿ ಡಬ್ಬಿ ಬಿಚ್ಚಿದರು.

ವಿಮಾನ ಹಾರಿತು ಅಂತ ಫೋನ್ ತೋರಿಸಿದ ಮೇಲೆ ಲಾಂಜಿಗೆ ಹೋದೆವು. ಮುಂದೆ ನಾಲ್ಕೈದು ಜನರ ಸಾಲು. ನನ್ನ ಕಾರ್ಡಿಗೆ 2 ರೂಪಾಯಿ ಕಟ್ ಆಗಿದ್ದಕ್ಕೆ ಎಸ್ಸೆಮ್ಮೆಸ್ ಬಂತು, ಹೆಂಡತಿಯ ಕಾರ್ಡಿಗೆ 25. ಕಾರ್ಡ್ ಚಾಲ್ತಿಯಲ್ಲಿದೆಯಾ ಅಂತ ನೋಡಲು ತೆಗೆಯುವ ದುಡ್ಡು ಅದು, ಕಾರ್ಡಿನ ಮೇಲೆ ಹೆಚ್ಚು ಕಡಿಮೆ ಆಗುತ್ತದೆ. ಅಮ್ಮ ತಾವೇ ಪಿನ್ ಒತ್ತಿದರು. ಮಗಳಿಗೆ ದುಡ್ಡು ಕಟ್ಟಿದೆ.

‘ಎರಡು ರೂಪಾಯಿಗೆ ಊಟ ಹಾಕ್ತಾರಾ?’ ಅಂತ ಅಮ್ಮ.

‘ಬ್ಯಾಂಕು ಕೊಡುತ್ತಮ್ಮ.’

‘ಬ್ಯಾಂಕು ಯಾರ ದುಡ್ಡಲ್ಲಿ ಕೊಡುತ್ತೆ?’

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಳಗೆ ಮೊದಲು ಜಾಗ ಹಿಡಿಯಬೇಕು, ಆಮೇಲೆ ತಟ್ಟೆ. ಮಕ್ಕಳಿದ್ದರೆ ಬಾರ್ ಕಡೆಯ ಎತ್ತರದ ಕುರ್ಚಿಗಳು ಬೇಡ, ಊಟದ ಸಾಲಿನ ದಾರಿಯಲ್ಲೂ ಬೇಡ. ಗೋಡೆ ಪಕ್ಕದ ಸೋಫಾ ಸಿಕ್ಕಿತು. ಚಿಕ್ಕವನನ್ನು ಒಳಗಡೆಗೆ ಕೂರಿಸಿದರೆ ಅವನು ಓಡಿಹೋಗಲು ನಮ್ಮನ್ನು ದಾಟಬೇಕು.

ಅಮ್ಮನ ಊಟದ್ದೇ ಒಂದು ಕಥೆ. ಯಾತ್ರೆಗೆ ಹೊರಟವರು, ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಬಿಸಿಬೇಳೆಬಾತ್ ಇತ್ತು, ಇಡ್ಲಿ ಇತ್ತು, ಎರಡು ತರಹದ ಗೊಜ್ಜು, ಅನ್ನ, ದಾಲ್, ಪನೀರ್. ಎಲ್ಲದರ ಮುಂದೆಯೂ ಹಸಿರು ಚುಕ್ಕೆ, ಆದರೆ ಅದು ಸಸ್ಯಾಹಾರ ಅಂತ ಹೇಳುತ್ತದೆಯೇ ಹೊರತು ಈರುಳ್ಳಿ ಇದೆಯಾ ಇಲ್ವಾ ಅಂತ ಹೇಳಲ್ಲ. ಬಡಿಸುತ್ತಿದ್ದ ಹುಡುಗಿ ಹಾಸನ ಕಡೆಯವಳಂತೆ. ಅಮ್ಮ ಕೇಳಿದ ತಕ್ಷಣ ಅರ್ಥ ಮಾಡಿಕೊಂಡಳು. ‘ಅಜ್ಜಿ, ಬಾತ್‌ನಲ್ಲಿ ಈರುಳ್ಳಿ ಇದೆ, ಸಾಂಬಾರಲ್ಲೂ ಇದೆ. ಮೊಸರನ್ನಕ್ಕೆ ಹಾಕಿಲ್ಲ. ಇಡ್ಲಿಗೆ ಬರೀ ಮೊಸರು ಕೊಡ್ಲಾ?’ ಅಂದಳು. ಒಳಗೆ ಹೋಗಿ ಚಿಕ್ಕ ಬಟ್ಟಲಲ್ಲಿ ಮೊಸರು, ಇನ್ನೊಂದರಲ್ಲಿ ತುಪ್ಪ ತಂದುಕೊಟ್ಟಳು. ಬಫೆ ಸಾಲಿನಲ್ಲಿ ಇಟ್ಟಿರುವುದಷ್ಟೇ ಅಲ್ಲ, ಕೇಳಿದರೆ ಇನ್ನಷ್ಟು ಸಿಗುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಸಂಕೋಚ ಬಿಟ್ಟು ಕೇಳಿ. ಚಿಕ್ಕವನಿಗೆ ಬಿಸಿ ಅನ್ನ ಕಿವುಚಿ ಅದೇ ತುಪ್ಪ ಹಾಕಿ ತಿನ್ನಿಸಿದೆವು. ಮಗಳು ಎರಡು ತುಂಡು ಕೇಕು, ಒಂದು ಇಡ್ಲಿ. ಇಡ್ಲಿ ತಿಂದಿದ್ದೇ ದೊಡ್ಡದು.

ಎದ್ದು ಹೊರಡುವ ಮೊದಲು ಅಮ್ಮ ಮೆತ್ತಗೆ, ‘ಎರಡು ಬಾಳೆಹಣ್ಣು ಬ್ಯಾಗಿಗೆ ಹಾಕ್ಕೊಳ್ಲಾ? ಮಗುಗೆ ಆಗುತ್ತೆ’ ಅಂದರು. ತಿಂಡಿ ಹೊರಗೆ ಒಯ್ಯುವಂತಿಲ್ಲ ಅಂತ ಬೋರ್ಡ್ ಇತ್ತು. ಆ ಹುಡುಗಿಯನ್ನೇ ಕೇಳಿದೆ. ನಕ್ಕು, ಮಗುವಿನ ಕೈಗೆ ಒಂದು ಹಣ್ಣು ಕೊಟ್ಟಳು.

ಲಾಂಜ್ ಒಳಗೆ ವಿಮಾನದ ಘೋಷಣೆ ಕೇಳಿಸುತ್ತದೆ ಅಂತ ನಂಬಬೇಡಿ. ದೇಶದೊಳಗಿನ ವಿಮಾನಗಳಿಗೆ ಸಾಮಾನ್ಯವಾಗಿ ಹೊರಡುವ 20-25 ನಿಮಿಷ ಮೊದಲೇ ಗೇಟ್ ಮುಚ್ಚುತ್ತಾರೆ. ಒಂದು ಗಂಟೆ ಮೊದಲು ಫೋನಿನಲ್ಲಿ ಅಲಾರಾಂ ಇಟ್ಟಿದ್ದೆ. ಅಮ್ಮ, ಮಗು, ಶೌಚಾಲಯ, ಡೈಪರ್ ಎಲ್ಲ ಮುಗಿಸಿ ಗೇಟಿಗೆ ನಡೆಯಲು ಅಷ್ಟು ಹೊತ್ತು ಬೇಕೇ ಬೇಕು. ಕುರ್ಚಿಯಣ್ಣ ಹೇಳಿದ ಸಮಯಕ್ಕೆ ಬಾಗಿಲಲ್ಲಿ ನಿಂತಿದ್ದರು.

ಉಳಿತಾಯ ಆಯಿತಾ? ಆಯಿತು. ಹೊರಗೆ ಐದು ಜನ ದೋಸೆ, ಕಾಫಿ, ಜ್ಯೂಸ್ ಅಂತ ಕೂತಿದ್ದರೆ ಮಗಳಿಗೆ ಕಟ್ಟಿದ ದುಡ್ಡಿಗಿಂತ ಜಾಸ್ತಿಯೇ ಆಗುತ್ತಿತ್ತು. ಆದರೆ ಮೂರೂ ಕಾರ್ಡಿಗೆ ಸೌಲಭ್ಯ ಇರದಿದ್ದರೆ, ಎಲ್ಲರಿಗೂ ತಲೆಗೆ ಸಾವಿರದ ಮೇಲೆ ಕೊಟ್ಟು ನಾನಂತೂ ಹೋಗುತ್ತಿರಲಿಲ್ಲ. ಮನೆಯಿಂದ ಚಪಾತಿ, ಪುಳಿಯೋಗರೆ ಕಟ್ಟಿಸಿಕೊಂಡು ಬಿದಿರಿನ ಕೆಳಗೆ ಕೂತರೆ ಆಯಿತು. ಬೆಳಗ್ಗೆ ಆರರ ವಿಮಾನಕ್ಕಂತೂ ಲಾಂಜ್ ಬೇಡವೇ ಬೇಡ. ಆ ಹೊತ್ತಿಗೆ ಮಕ್ಕಳಿಗೆ ಹಸಿವಿರಲ್ಲ, ಲಾಂಜಿನಲ್ಲಿ ಜಾಗವೂ ಇರಲ್ಲ. ಚೆನ್ನೈ, ಕೋಲ್ಕತ್ತಾದ ಕಡೆ ಹೋಗುವವರಿಗೆ ಅಲ್ಲಿನ ನಿಲ್ದಾಣಗಳಲ್ಲಿ ಕಡಿಮೆ ಬೆಲೆಯ ಉಡಾನ್ ಯಾತ್ರಿ ಕೆಫೆ ಇದೆ, ಶುರುವಾದಾಗ 10 ರೂಪಾಯಿಗೆ ಚಹಾ, 20ಕ್ಕೆ ಸಮೋಸ ಇಟ್ಟಿದ್ದರು. ಬರೀ ಚಹಾ ಕುಡಿಯಲು ಅಷ್ಟು ಸಾಕಲ್ವಾ?

ಡಿಸೆಂಬರ್ ಕೊನೆಯನ್ನೇ ಆರಿಸಿಕೊಂಡಿದ್ದಕ್ಕೆ ಮಕ್ಕಳ ರಜೆ ಒಂದು ಕಾರಣ, ಇನ್ನೊಂದು ಇದು: ನಮ್ಮ ಕಾರ್ಡುಗಳ ಮೂರು ತಿಂಗಳ ಲೆಕ್ಕ ಜನವರಿ 1ಕ್ಕೆ ಹೊಸದಾಗಿ ಶುರು. ಹೋಗುವಾಗ ಹಳೆಯ ಲೆಕ್ಕದಲ್ಲಿ, ಬರುವಾಗ ಹೊಸದರಲ್ಲಿ. ವಾಪಸ್ ಬರುವಾಗ ದೆಹಲಿಯಲ್ಲಿ ವಿಮಾನ ಬದಲಿಸಲು ನಾಲ್ಕು ಗಂಟೆ ಕಾಯಬೇಕಿತ್ತು. ಮೂರನೇ ಟರ್ಮಿನಲ್‌ನಲ್ಲಿ ಅದೇ ಮೂರು ಕಾರ್ಡು ಮತ್ತೆ ನಡೆದವು. ಈ ಸಲ ಅಮ್ಮ ಯಾರನ್ನೂ ಕೇಳದೆ ತಾವೇ ಸಾಲಿನಲ್ಲಿ ಮುಂದೆ ಹೋಗಿ ಪಿನ್ ಒತ್ತಿದರು.